ಜ್ವರ ಇಳಿದ ರಾತ್ರಿ ಸಿಸ್ಟರ್ ನೋಡುವುದೇನು

ಪ್ರತಿ ವರ್ಷ ಮೇ 12ರಂದು ನರ್ಸ್‌ಗಳ ಬಗ್ಗೆ ನಮ್ಮ ಪತ್ರಿಕೆಗಳಲ್ಲಿ ಬರುವ ಬರಹಗಳು ತಾಯ್ತನ, ತಾಳ್ಮೆ, ಮುಗುಳ್ನಗೆ, ತ್ಯಾಗ ಈ ನಾಲ್ಕರ ಸುತ್ತಲೇ ತಿರುಗುತ್ತವೆ. ಆ ಬರಹಗಳ ಹಿಂದಿರುವ ಪ್ರೀತಿಯನ್ನು ನಾನು ಅನುಮಾನಿಸುವುದಿಲ್ಲ. ನನ್ನ ತಕರಾರು ಇರುವುದು ಆ ಪ್ರೀತಿಯೊಳಗೆ ಅಡಗಿರುವ ಕಡೆಗಣನೆಯ ಬಗ್ಗೆ. ಹೃದಯ ನರ್ಸ್ ಪಾಲಿಗೆ, ಬುದ್ಧಿ ಡಾಕ್ಟರ್ ಪಾಲಿಗೆ ಎಂದು ಒಮ್ಮೆ ಹಂಚಿಬಿಟ್ಟರೆ, ನರ್ಸ್ ದಿನವಿಡೀ ಮಾಡುವ ಅತ್ಯಂತ ಬೌದ್ಧಿಕವಾದ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ರೋಗಿಯನ್ನು ನೋಡುವುದು, ಮುಟ್ಟುವುದು, ಕೇಳುವುದು, ನಿನ್ನೆಯ ಸ್ಥಿತಿಗೆ ಇವತ್ತಿನದನ್ನು ಹೋಲಿಸುವುದು, ಹೋಲಿಸಿ ಒಂದು ತೀರ್ಮಾನಕ್ಕೆ ಬರುವುದು. ವಾರ್ಡಿನಲ್ಲಿ ಇದಕ್ಕೆ ಅಸೆಸ್‌ಮೆಂಟ್ ಅನ್ನುತ್ತಾರೆ. ಜನಸಾಮಾನ್ಯರಿಗೆ ಇದು ‘ಬಿಪಿ ನೋಡಿ ಹೋದರು’ ಎಂಬಷ್ಟೇ.

ಯಾರ ಜನ್ಮದಿನವೆಂದು ಆ ಬರಹಗಳು ಬರುತ್ತವೋ ಆ ಫ್ಲಾರೆನ್ಸ್ ನೈಟಿಂಗೇಲ್ ಈ ಹಂಚಿಕೆಯನ್ನು ಒಪ್ಪುತ್ತಿರಲಿಲ್ಲ. 1859ರಲ್ಲಿ ಅವರು ಬರೆದ ‘ನೋಟ್ಸ್ ಆನ್ ನರ್ಸಿಂಗ್’ನಲ್ಲಿ ರೋಗಿಯನ್ನು ಗಮನಿಸುವುದರ ಬಗ್ಗೆಯೇ ಒಂದು ಇಡೀ ಅಧ್ಯಾಯವಿದೆ. ನರ್ಸ್‌ಗೆ ಕಲಿಸಬೇಕಾದ ಅತ್ಯಂತ ಮುಖ್ಯವಾದ ಪಾಠ ಏನನ್ನು ಗಮನಿಸಬೇಕು, ಹೇಗೆ ಗಮನಿಸಬೇಕು ಎಂಬುದೇ ಎಂದು ಅವರು ಅಲ್ಲಿ ವಾದಿಸುತ್ತಾರೆ. ಲಂಡನ್ನಿನ ಸ್ಟ್ಯಾಟಿಸ್ಟಿಕಲ್ ಸೊಸೈಟಿಗೆ ಆಯ್ಕೆಯಾದ ಮೊದಲ ಮಹಿಳೆಯೂ ಅವರೇ. ನಾವು ಅವರ ಕೈಯ ದೀಪವನ್ನು ಇಟ್ಟುಕೊಂಡೆವು, ಲೆಕ್ಕದ ಪುಸ್ತಕವನ್ನು ಮರೆತೆವು.

ಈ ಮಾತನ್ನು ಆಡಲು ದೊಡ್ಡ ಕಾರ್ಪೊರೇಟ್ ಆಸ್ಪತ್ರೆಗಿಂತ ಚಂದ್ರಾ ಲೇಔಟ್‌ನಂಥ ಬಡಾವಣೆಯೇ ನನಗೆ ಸರಿಯಾದ ಜಾಗ ಅನ್ನಿಸುತ್ತದೆ. ಅತ್ತಿಗುಪ್ಪೆ ಮೆಟ್ರೋ ನಿಲ್ದಾಣದಿಂದ ನಾಗರಬಾವಿಯ ರಿಂಗ್ ರೋಡಿನವರೆಗೆ, ವಿಜಯನಗರದಿಂದ ನಾಯಂಡಹಳ್ಳಿಯವರೆಗೆ, ಈ ಭಾಗದ ಜನ ಮೊದಲು ಓಡುವುದು ಸಣ್ಣ ನರ್ಸಿಂಗ್ ಹೋಮ್‌ಗೆ. ಕೆಳಗೆ ಮೆಡಿಕಲ್ ಸ್ಟೋರ್ ಮತ್ತು ಓಪಿಡಿ, ಮೇಲೆ ವಾರ್ಡು. ಕನ್ಸಲ್ಟೆಂಟ್ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ರೌಂಡ್ಸ್‌ಗೆ ಬರುತ್ತಾರೆ. ಒಂದೊಂದು ಹಾಸಿಗೆಯ ಬಳಿ ಅವರು ನಿಲ್ಲುವುದು ಕೆಲವು ನಿಮಿಷ. ಉಳಿದ ಹೊತ್ತಿನಲ್ಲಿ ಇರುವವರು ಒಬ್ಬ ಡ್ಯೂಟಿ ಡಾಕ್ಟರ್ ಮತ್ತು ಸಿಸ್ಟರ್‌ಗಳು. (ಈಗ ಬ್ರದರ್‌ಗಳೂ ಇದ್ದಾರೆ. ಅವರಿಗೆ ಮೇ 12ರ ಬರಹಗಳಲ್ಲಿ ಜಾಗವೇ ಇಲ್ಲ.) ಹಾಗಾಗಿ ಎರಡು ರೌಂಡ್ಸ್‌ಗಳ ನಡುವೆ ರೋಗಿಗೆ ಏನಾಯಿತು ಎಂಬ ತಿಳಿವಳಿಕೆ ಈ ಕಟ್ಟಡಗಳಲ್ಲಿ ಒಂದೇ ಕಡೆ, ನರ್ಸ್‌ಗಳ ಬಳಿ, ಸಿಗುತ್ತದೆ.

ಡೆಂಗಿಯ ಉದಾಹರಣೆ ತೆಗೆದುಕೊಳ್ಳೋಣ. ಕರ್ನಾಟಕ ಸರ್ಕಾರ 2024ರ ಸೆಪ್ಟೆಂಬರ್‌ನಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಮಳೆಗಾಲದಲ್ಲಿ ಬೆಂಗಳೂರಿನ ವಾರ್ಡುಗಳ ಹಾಸಿಗೆಗಳು ಈ ಜ್ವರದವರಿಂದಲೇ ತುಂಬುತ್ತವೆ. ಕಾರಿಡಾರಿನಲ್ಲಿ ಕೇಳಿಬರುವ ಪ್ರಶ್ನೆ ಒಂದೇ: ಪ್ಲೇಟ್‌ಲೆಟ್ ಎಷ್ಟಿದೆ? ನೆಂಟರು ಫೋನ್ ಮಾಡಿ ಕೇಳುವುದೂ ಅದನ್ನೇ. ಪರಂಗಿ ಎಲೆಯ ರಸ ತರುವ ಓಡಾಟವೂ ಅದಕ್ಕಾಗಿಯೇ. ಪ್ಲೇಟ್‌ಲೆಟ್ ಸಂಖ್ಯೆಯೇ ಎಲ್ಲ ಎಂಬುದು ಮೊದಲ ನಂಬಿಕೆ. ಎರಡನೆಯ ನಂಬಿಕೆ ಇನ್ನೂ ಆಳವಾದದ್ದು: ಜ್ವರ ಇಳಿಯಿತೆಂದರೆ ಗಂಡಾಂತರ ಕಳೆಯಿತು, ನಾಳೆ ಡಿಸ್ಚಾರ್ಜ್ ಮಾಡಿಸಿಕೊಂಡು ಹೋಗಬಹುದು.

ಡೆಂಗಿಯ ಮಟ್ಟಿಗೆ ಈ ನಂಬಿಕೆ ತಲೆಕೆಳಗಾದದ್ದು. ವಿಶ್ವ ಆರೋಗ್ಯ ಸಂಸ್ಥೆಯ 2009ರ ಮಾರ್ಗಸೂಚಿ ಹೇಳುವಂತೆ ಅಪಾಯದ ಹಂತ ಶುರುವಾಗುವುದು ಸಾಮಾನ್ಯವಾಗಿ ಮೂರರಿಂದ ಏಳನೇ ದಿನದೊಳಗೆ, ಜ್ವರ ಇಳಿಯುವ ಹೊತ್ತಿಗೇ. ಆಗ ಸೂಕ್ಷ್ಮ ರಕ್ತನಾಳಗಳ ಗೋಡೆಯಿಂದ ರಕ್ತದ ನೀರಿನಂಶ ಹೊರಗೆ ಸೋರುತ್ತದೆ. ಆ ಸೋರಿಕೆ 24ರಿಂದ 48 ಗಂಟೆ ನಡೆಯಬಹುದು. ಹೊಟ್ಟೆನೋವು, ನಿಲ್ಲದ ವಾಂತಿ, ಮಂಕುತನ ಅಥವಾ ಚಡಪಡಿಕೆ, ಒಸಡಿನ ರಕ್ತ, ಇವು ಎಚ್ಚರಿಕೆಯ ಲಕ್ಷಣಗಳು. ಪ್ಲೇಟ್‌ಲೆಟ್ ಸಂಖ್ಯೆಯೊಂದರಿಂದಲೇ ಈ ಸೋರಿಕೆಯ ತೀವ್ರತೆ ತಿಳಿಯುವುದಿಲ್ಲ. ಅದನ್ನು ಹೇಳುವುದು ರೋಗಿಯ ಕೈಕಾಲಿನ ತಂಪು, ಉಗುರನ್ನು ಒತ್ತಿ ಬಿಟ್ಟಾಗ ಬಣ್ಣ ಮರಳಲು ಹಿಡಿಯುವ ಸಮಯ, ಎಷ್ಟು ಗಂಟೆಗೆ ಎಷ್ಟು ಮೂತ್ರ ಹೋಯಿತು ಎಂಬ ಲೆಕ್ಕ, ಮತ್ತು ಬಿಪಿಯ ಎರಡು ಅಂಕಿಗಳ ನಡುವಿನ ಅಂತರ. ರಕ್ತ ಎಷ್ಟು ಗಟ್ಟಿಯಾಗಿದೆ ಎಂದು ಹೇಳುವ ಹೆಮಟೋಕ್ರಿಟ್ ಪರೀಕ್ಷೆಗೆ ಲ್ಯಾಬ್ ಬೇಕು. ಉಳಿದ ಇವೆಲ್ಲ ಹಾಸಿಗೆಯ ಪಕ್ಕದ ಕೆಲಸ, ಅಂದರೆ ನರ್ಸ್ ಕೆಲಸ.

ಪಲ್ಸ್ ಪ್ರೆಶರ್ ಎನ್ನುವ ಆ ಅಂತರದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ರಾತ್ರಿ ಎರಡು ಗಂಟೆಗೆ ಒಬ್ಬ ಯುವಕನ ಬಿಪಿ 104/88, ನಾಡಿ 104, ಉಸಿರು 20, ಸ್ಯಾಚುರೇಶನ್ 98, ಜ್ವರವಿಲ್ಲ, ಮಾತನಾಡಿಸಿದರೆ ಉತ್ತರಿಸುತ್ತಾನೆ ಎಂದಿಟ್ಟುಕೊಳ್ಳಿ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2012ರಲ್ಲಿ ರೂಪಿಸಿ 2017ರಲ್ಲಿ ಪರಿಷ್ಕರಿಸಿದ ‘ನ್ಯೂಸ್’ ಎಂಬ ಎಚ್ಚರಿಕೆಯ ಅಂಕಪದ್ಧತಿ ಇದೆ. ಅದರಲ್ಲಿ ಈ ಯುವಕನಿಗೆ ಸಿಗುವ ಅಂಕ 2. ತುರ್ತು ಗಮನದ ಗೆರೆ ಇರುವುದು 5ರಲ್ಲಿ. ಅಂದರೆ ಹಾಳೆಯ ಪ್ರಕಾರ ಅವನು ನಿಶ್ಚಿಂತೆಯಿಂದ ಮಲಗಬಹುದು. ಆದರೆ 104ರಲ್ಲಿ 88 ಕಳೆದರೆ 16. ಡೆಂಗಿಯಲ್ಲಿ ಆ ಅಂತರ 20 ಅಥವಾ ಅದಕ್ಕಿಂತ ಕಡಿಮೆಯಾದರೆ ಅದು ಶಾಕ್‌ನ ಲಕ್ಷಣ. ‘ನ್ಯೂಸ್’ ಪದ್ಧತಿ ಕೆಳಗಿನ ಅಂಕಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಜ್ವರ, ನಾಡಿ, ಉಸಿರು ಬರೆಯುವ ಟಿಪಿಆರ್ ಚಾರ್ಟಿನಲ್ಲಿ ಜ್ವರದ ಗೆರೆ ಚೆಂದವಾಗಿ ಕೆಳಗಿಳಿದಿರುತ್ತದೆ. ಬಿಪಿಯ ಮೇಲಿನ ಅಂಕಿ ನೂರರ ಮೇಲಿದೆ, ಆದ್ದರಿಂದ ‘ಬಿಪಿ ನಾರ್ಮಲ್’. ಹುಡುಗನ ಅಂಗೈ ಹಿಡಿದು ತಣ್ಣಗಿದೆ ಎಂದು ಕಂಡುಕೊಂಡವರು, ಸಂಜೆಯಿಂದ ಅವನು ಬಾತ್‌ರೂಮಿಗೆ ಹೋಗಿಲ್ಲ ಎಂದು ಅಟೆಂಡರ್ ಆಗಿ ಕೂತಿರುವ ಅವನ ಅಮ್ಮನನ್ನು ಕೇಳಿ ತಿಳಿದವರು, ಎರಡು ಅಂಕಿಗಳನ್ನು ಕಳೆದು ನೋಡಿದವರು ಮಾತ್ರ ಆ ಹೊತ್ತಿನಲ್ಲಿ ಸತ್ಯವನ್ನು ಬಲ್ಲರು.

ಅಂಕಪದ್ಧತಿಗಳು ಬೇಡವೆಂದು ಹೇಳುತ್ತಿದ್ದೇನೆ ಎಂದು ಯಾರೂ ತಿಳಿಯಬಾರದು. ಪ್ರಜ್ಞೆಯ ಮಟ್ಟ ಅಳೆಯುವ ಗ್ಲಾಸ್ಗೋ ಕೋಮಾ ಸ್ಕೇಲ್ 1974ರಲ್ಲಿ ಬರುವ ಮೊದಲು ‘ಅರೆಪ್ರಜ್ಞೆ’ ಎಂಬ ಒಂದು ಮಾತಿಗೆ ಒಬ್ಬೊಬ್ಬರದು ಒಂದೊಂದು ಅರ್ಥವಾಗಿತ್ತು. ಬೆಡ್‌ಸೋರ್ ಆಗಬಹುದೇ ಎಂದು ಮುಂಚೆಯೇ ಊಹಿಸುವ ಬ್ರೇಡನ್ ಸ್ಕೇಲ್ 1987ರಲ್ಲಿ ಬಂತು. ಅದನ್ನು ರೂಪಿಸಿದವರು ನರ್ಸ್‌ಗಳೇ, ಬಾರ್ಬರಾ ಬ್ರೇಡನ್ ಮತ್ತು ನ್ಯಾನ್ಸಿ ಬರ್ಗ್‌ಸ್ಟ್ರಾಮ್. ಹೊಸದಾಗಿ ಕೆಲಸಕ್ಕೆ ಸೇರಿದ ಸಿಸ್ಟರ್‌ಗೆ ಇಂಥ ಅಳತೆಗೋಲು ದೊಡ್ಡ ಆಸರೆ. ನನ್ನ ವಿರೋಧ ಇರುವುದು ಅಂಕದಲ್ಲೇ ಅಸೆಸ್‌ಮೆಂಟ್ ಮುಗಿಯಿತು ಎಂಬ ಧೋರಣೆಗೆ. 2005ರಲ್ಲಿ ಆಸ್ಪತ್ರೆಗಳ ಗುಣಮಟ್ಟಕ್ಕೆ ಎನ್‌ಎಬಿಎಚ್ ಮಾನ್ಯತೆಯ ವ್ಯವಸ್ಥೆ ಬಂದ ಮೇಲೆ, ಮಾನ್ಯತೆ ಬೇಕಾದ ಕಡೆ ದಾಖಲಾದ ರೋಗಿಯ ಮೊದಲ ಅಸೆಸ್‌ಮೆಂಟ್ ನಿಗದಿತ ಸಮಯದೊಳಗೆ ಕಾಗದದಲ್ಲಿ ಇರಬೇಕಾಯಿತು. ಅದು ಒಳ್ಳೆಯ ಬದಲಾವಣೆ. ಜೊತೆಗೇ ಕಾಗದ ಭರ್ತಿಯಾಗಿದ್ದರೆ ರೋಗಿಯನ್ನು ನೋಡಿದಂತೆ ಎಂಬ ಭಾವನೆಯೂ ಬೇರೂರಿತು. ಆಡಿಟ್‌ಗೆ ಬರುವವರಿಗೆ ಖಾಲಿ ಕಾಲಂ ಕಾಣುತ್ತದೆ. ನೋಡದೆ ತುಂಬಿದ ಕಾಲಂ ಕಾಣುವುದಿಲ್ಲ.

ಇಲ್ಲಿ ನರ್ಸ್‌ಗಳ ಮೇಲೂ ಒಂದು ಆಕ್ಷೇಪ ಹೇಳಲೇಬೇಕು. ಯಾವುದೇ ಆಸ್ಪತ್ರೆಯ ಕೇಸ್ ಶೀಟ್ ತೆರೆದು ಉಸಿರಾಟದ ಕಾಲಂ ನೋಡಿ. ಅನೇಕ ಬಾರಿ ಅಲ್ಲಿ 18, 20, 18, 20 ಎಂದಿರುತ್ತದೆ, ಜ್ವರದವರಿಗೂ ಅದೇ, ಆಪರೇಶನ್ ಆದವರಿಗೂ ಅದೇ. ಇದು ನಮ್ಮೂರಿನ ರೋಗ ಮಾತ್ರವಲ್ಲ. 2008ರಲ್ಲಿ ಆಸ್ಟ್ರೇಲಿಯಾದ ವೈದ್ಯಕೀಯ ಪತ್ರಿಕೆಯೊಂದು ಉಸಿರಾಟದ ಗತಿಯನ್ನು ಕಡೆಗಣಿಸಲ್ಪಟ್ಟ ಲಕ್ಷಣವೆಂದೇ ಕರೆದು ಲೇಖನ ಪ್ರಕಟಿಸಿತು. ಉಸಿರನ್ನು ಎಣಿಸಲು ಒಂದು ಪೂರ್ತಿ ನಿಮಿಷ ಸುಮ್ಮನೆ ನಿಲ್ಲಬೇಕು. ಅದನ್ನು ಮಾಡಿಕೊಡುವ ಯಂತ್ರ ಸಾಮಾನ್ಯ ವಾರ್ಡಿನಲ್ಲಿ ಇರುವುದಿಲ್ಲ. ಆದರೆ ದೇಹ ಹದಗೆಡುವಾಗ ಮೊದಮೊದಲು ಬದಲಾಗುವ ಗತಿಗಳಲ್ಲಿ ಇದೂ ಒಂದು. ಆಶಾ ಕಾರ್ಯಕರ್ತೆಯರಿಗೂ ಅಂಗನವಾಡಿಯವರಿಗೂ ಮಗುವಿನ ಉಸಿರು ಎಣಿಸಲು ಕಲಿಸುತ್ತೇವೆ: ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40, ಇವನ್ನು ಮುಟ್ಟಿದರೆ ಅದು ವೇಗದ ಉಸಿರಾಟ. ನಾಲ್ಕು ವರ್ಷ ಬಿಎಸ್ಸಿ ನರ್ಸಿಂಗ್ ಓದಿದವರು ವಾರ್ಡಿನಲ್ಲಿ 20 ಎಂದು ಬರೆದು ಮುಂದಿನ ಹಾಸಿಗೆಗೆ ಹೋಗುವುದನ್ನು ನಾನು ಸಮರ್ಥಿಸಲಾರೆ. ಹಾಗೆ ಬರೆಯುವ ಪ್ರತಿ ಕೈ ಇಡೀ ವೃತ್ತಿಯ ಮಾತಿನ ತೂಕವನ್ನು ಕಡಿಮೆ ಮಾಡುತ್ತದೆ.

ಆ ತೂಕವೇ ರಾತ್ರಿಯ ಫೋನಿನಲ್ಲಿ ಪರೀಕ್ಷೆಗೆ ಒಳಗಾಗುವುದು. ಸಿಸ್ಟರ್ ಡ್ಯೂಟಿ ಡಾಕ್ಟರನ್ನೋ ಕನ್ಸಲ್ಟೆಂಟನ್ನೋ ಎಬ್ಬಿಸಿ, ‘ಸಾರ್, 4ನೇ ಬೆಡ್ ಪೇಷಂಟ್ ಯಾಕೋ ಸರಿಯಿಲ್ಲ’ ಅನ್ನುತ್ತಾರೆ. ಆ ಕಡೆಯಿಂದ ಬರುವ ಪ್ರಶ್ನೆ, ‘ಬಿಪಿ ಎಷ್ಟು?’ ಬಿಪಿ ಹೇಳುತ್ತಾರೆ. ‘ನಾರ್ಮಲ್ ಇದೆಯಲ್ಲಮ್ಮ, ಬೆಳಗ್ಗೆ ನೋಡೋಣ.’ ಅಂಕಿ ವಿಜ್ಞಾನ, ‘ಯಾಕೋ ಸರಿಯಿಲ್ಲ’ ಎಂಬುದು ಬರೀ ಅನ್ನಿಸಿಕೆ ಎಂದು ವೈದ್ಯರೂ ಕುಟುಂಬಗಳೂ ಒಪ್ಪಿಕೊಂಡುಬಿಟ್ಟಿದ್ದಾರೆ. ಕಳೆದ ದಶಕದಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ಇದೇ ‘ಯಾಕೋ ಸರಿಯಿಲ್ಲ’ವನ್ನು ಬಿಡಿಸಿ ನೋಡಿದರು. ನರ್ಸ್‌ಗಳ ಆತಂಕದ ಹಿಂದೆ ಅವರಿಗೆ ಒಂಬತ್ತು ಸೂಚಕಗಳು ಸಿಕ್ಕವು. ಉಸಿರಾಟದ ರೀತಿ ಬದಲಾದದ್ದು, ರಕ್ತಸಂಚಾರದ ಚಿಹ್ನೆ, ನಡುಕ, ಮಾನಸಿಕ ಸ್ಥಿತಿಯ ಬದಲಾವಣೆ, ಚಡಪಡಿಕೆ, ನೋವು, ನಿರೀಕ್ಷಿಸಿದಂತೆ ಚೇತರಿಸಿಕೊಳ್ಳದಿರುವುದು, ‘ನನಗೆ ಆಗ್ತಿಲ್ಲ’ ಎಂದು ರೋಗಿಯೇ ಹೇಳುವುದು, ಕೊನೆಗೆ ನರ್ಸ್ ಕಂಡ ಇತರ ಸಂಗತಿ. ಆ ಸೂಚಕಗಳ ಪಟ್ಟಿಗೆ ಡೆನ್ವಿಸ್ ಎಂದು ಹೆಸರಿಟ್ಟರು. ಅಂಕಿಗಳು ಗೆರೆ ದಾಟುವ ಮುಂಚೆಯೇ ಈ ಸೂಚಕಗಳು ಕಾಣಿಸಿಕೊಳ್ಳಬಲ್ಲವು ಎಂಬುದೇ ಅದರ ಮಹತ್ವ.

ಇದನ್ನು ‘ಆರನೇ ಇಂದ್ರಿಯ’ ಎಂದು ಕೊಂಡಾಡುವವರ ಜೊತೆಗೂ ನನ್ನ ಜಗಳವಿದೆ. ನರ್ಸಿಂಗ್ ವಿದ್ವಾಂಸೆ ಪೆಟ್ರೀಷಿಯಾ ಬೆನ್ನರ್ 1984ರಲ್ಲಿ ‘ಫ್ರಮ್ ನೋವಿಸ್ ಟು ಎಕ್ಸ್‌ಪರ್ಟ್’ ಬರೆದಾಗ ಹೊಸಬಳಿಂದ ಪರಿಣತೆಯವರೆಗೆ ಐದು ಹಂತಗಳನ್ನು ಗುರುತಿಸಿದರು. ಪರಿಣತ ನರ್ಸ್‌ಗೆ ಒಟ್ಟು ಚಿತ್ರ ಒಮ್ಮೆಗೇ ಹೊಳೆಯುತ್ತದೆ ಎಂಬುದು ಅವರ ವಾದ. ಆ ಹೊಳಹು ದೈವದತ್ತವಾದದ್ದೇನಲ್ಲ, ನೂರಾರು ರೋಗಿಗಳನ್ನು ನೋಡಿದ್ದರ ಫಲ. ಹೊಳೆದದ್ದನ್ನು ಮಾತಿಗಿಳಿಸಲು ಬಾರದಿದ್ದರೆ ರಾತ್ರಿಯ ಫೋನಿನಲ್ಲಿ ಅದಕ್ಕೆ ಬೆಲೆ ಇಲ್ಲ. ‘ಸಾರ್, ಐದನೇ ದಿನದ ಡೆಂಗಿ, ಸಂಜೆ ಜ್ವರ ಬಿಟ್ಟಿದೆ, ಪಲ್ಸ್ ಪ್ರೆಶರ್ 16, ಕೈಕಾಲು ತಣ್ಣಗಿದೆ, ಆರು ಗಂಟೆಯಿಂದ ಯೂರಿನ್ ಹೋಗಿಲ್ಲ, ನೀವು ಬಂದು ನೋಡಬೇಕು’ ಎಂದಾಗ ಅದೇ ಅನ್ನಿಸಿಕೆ ಯಾವ ವೈದ್ಯರೂ ತಳ್ಳಿಹಾಕಲಾಗದ ತೀರ್ಮಾನವಾಗುತ್ತದೆ. ಕೊನೆಯ ಮೂರು ಪದಗಳನ್ನು ಹೇಳುವ ಧೈರ್ಯವನ್ನೂ ಕಲಿಸಬೇಕು. ನಮ್ಮಲ್ಲಿ ಸಿಸ್ಟರ್ ವೈದ್ಯರಿಗೆ ಮಾಹಿತಿ ಕೊಡಬಹುದು, ಇಂಥದ್ದು ಆಗಬೇಕು ಎಂದು ಹೇಳಬಾರದು ಎಂಬ ಅಲಿಖಿತ ನಿಯಮವಿದೆ. ಆ ನಿಯಮ ರೋಗಿಗಳ ಜೀವದ ಮೇಲೆ ಬರುತ್ತದೆ.

ಹಾಗಾದರೆ ಕಾಲೇಜಿನಲ್ಲಿ ಏನು ಕಲಿಸುತ್ತಾರೆ? ಭಾರತೀಯ ನರ್ಸಿಂಗ್ ಪರಿಷತ್ತಿನ 2021ರ ಪರಿಷ್ಕೃತ ಪಠ್ಯಕ್ರಮದಲ್ಲಿ ಎರಡನೇ ಸೆಮಿಸ್ಟರಿನಲ್ಲೇ ಹೆಲ್ತ್ ಅಸೆಸ್‌ಮೆಂಟ್ ಮಾಡ್ಯೂಲ್ ಇದೆ. ನೋಡುವುದು, ಮುಟ್ಟುವುದು, ತಟ್ಟುವುದು, ಸ್ಟೆತಾಸ್ಕೋಪಿನಿಂದ ಆಲಿಸುವುದು, ಎಲ್ಲವೂ ಇದೆ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯದನ್ನು ಕೇಳಲಾಗದು. ಆದರೆ ನರ್ಸಿಂಗ್ ಅಧ್ಯಾಪಕರು ವೃತ್ತಿಯ ಹೆಮ್ಮೆಯೆಂದು ಬಿಂಬಿಸುವ, ರೋಗಿಯನ್ನು ಗಮನಿಸಿ, ಆರೈಕೆ ಯೋಜಿಸಿ, ಮಾಡಿ, ಫಲ ನೋಡುವ ‘ನರ್ಸಿಂಗ್ ಪ್ರೋಸೆಸ್’ ನಮ್ಮಲ್ಲಿ ಕೇರ್ ಪ್ಲಾನ್ ಪುಸ್ತಕವಾಗಿ ಮುದುಡಿಹೋಗಿದೆ ಎಂಬುದು ನನ್ನ ದೃಢ ಅಭಿಪ್ರಾಯ. ಅಮೆರಿಕದಲ್ಲಿ 1973ರಿಂದ ಪಟ್ಟಿ ಮಾಡುತ್ತ ಬಂದ ನರ್ಸಿಂಗ್ ಡಯಾಗ್ನೊಸಿಸ್ ವಾಕ್ಯಗಳನ್ನು ವಿದ್ಯಾರ್ಥಿಗಳು ಇಂಗ್ಲಿಷಿನಲ್ಲಿ ಹಿರಿಯರ ಪುಸ್ತಕ ನೋಡಿ ಬರೆಯುತ್ತಾರೆ, ಅಂಕ ಪಡೆಯುತ್ತಾರೆ. ವಾರ್ಡಿಗೆ ಕೆಲಸಕ್ಕೆ ಬಂದ ದಿನ ಆ ವಾಕ್ಯಗಳು ಯಾರಿಗೂ ಬೇಡ. ರೋಗಿ ತನ್ನ ಮಾತಿನಲ್ಲಿ ಹೇಳಿದ್ದನ್ನು ಕೇಳಿಸಿಕೊಂಡು ವಿಚಾರಿಸುವ ಅಭ್ಯಾಸ ಆ ಪುಸ್ತಕದಿಂದ ಬರುವುದಿಲ್ಲ. ಚಂದ್ರಾ ಲೇಔಟಿನ ಐವತ್ತೈದು ವರ್ಷದ ಗೃಹಿಣಿ, ಹತ್ತು ವರ್ಷದಿಂದ ಶುಗರ್ ಇರುವವರು, ಎದೆ ಹಿಡಿದುಕೊಂಡು ಬರುವುದಿಲ್ಲ. ‘ಗ್ಯಾಸ್ಟ್ರಿಕ್ ಆಗಿದೆ ಸಿಸ್ಟರ್, ಬೆಳಗ್ಗೆಯಿಂದ ಸುಸ್ತು, ಒಂಥರಾ ಸಂಕಟ’ ಎನ್ನುತ್ತ ಬರುತ್ತಾರೆ. ಮಧುಮೇಹಿಗಳಲ್ಲಿ, ಅದರಲ್ಲೂ ಮಹಿಳೆಯರಲ್ಲಿ, ಹೃದಯಾಘಾತ ಹೀಗೆಯೇ ವೇಷ ಮರೆಸಿಕೊಂಡು ಬರುವುದುಂಟು. ಮೆಟ್ಟಿಲು ಹತ್ತುವಾಗ ಹೆಚ್ಚಾಯಿತೇ, ಬೆವರಿತೇ, ದವಡೆಗೋ ಬೆನ್ನಿಗೋ ಹರಡಿತೇ ಎಂದು ಮರುಪ್ರಶ್ನೆ ಕೇಳಿ, ಸಾಲಿನಲ್ಲಿ ಕೂರಿಸದೆ ಮೊದಲು ಇಸಿಜಿಗೆ ಕಳಿಸುವ ಸಿಸ್ಟರ್ ಒಂದು ನಿರ್ಣಯ ಮಾಡಿದ್ದಾರೆ. ನಾವು ಅದನ್ನು ನಿರ್ಣಯವೆಂದು ಕರೆಯಲು ಹಿಂಜರಿಯುತ್ತೇವೆ.

ಪಠ್ಯಪುಸ್ತಕದ ದೇಹವೂ ನಮ್ಮ ದೇಹವಲ್ಲ. ಬೆಡ್‌ಸೋರ್‌ನ ಮೊದಲ ಹಂತವೆಂದರೆ ಒತ್ತಿದರೂ ಮಾಸದ ಕೆಂಪು ಎಂದು ಓದುತ್ತೇವೆ. ಕಪ್ಪು ಬೆನ್ನಿನ ಮೇಲೆ ಆ ಕೆಂಪು ಎಷ್ಟೋ ಸಲ ಕಾಣುವುದಿಲ್ಲ. ಬೆರಳಿಗೆ ಬಿಸಿಯೋ ಗಟ್ಟಿತನವೋ ಸಿಗಬೇಕು. ರಕ್ತಹೀನತೆಯನ್ನು ಕೆಳರೆಪ್ಪೆಯ ಒಳಗೆ, ನಾಲಿಗೆಯಲ್ಲಿ, ಅಂಗೈಯಲ್ಲಿ ಹುಡುಕಬೇಕು. ಯಂತ್ರವೂ ಇದರಿಂದ ಹೊರತಾಗಿಲ್ಲ. 2020ರ ಡಿಸೆಂಬರ್‌ನಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಬಂದ ಮಿಷಿಗನ್‌ನ ಅಧ್ಯಯನದಲ್ಲಿ, ಪಲ್ಸ್ ಆಕ್ಸಿಮೀಟರ್ ಸರಿಯಿದೆ ಎಂದು ತೋರಿಸುತ್ತಿದ್ದಾಗಲೂ ರಕ್ತದಲ್ಲಿ ಆಮ್ಲಜನಕ ಕುಸಿದಿದ್ದ ಪ್ರಮಾಣ ಕಪ್ಪು ವರ್ಣದ ರೋಗಿಗಳಲ್ಲಿ ಶೇ 11.7, ಬಿಳಿಯರಲ್ಲಿ ಶೇ 3.6. ಕೋವಿಡ್‌ನಲ್ಲಿ ನಮ್ಮ ಮನೆಮನೆಯೂ ಆ ಪುಟ್ಟ ಯಂತ್ರದ ಅಂಕಿಯನ್ನು ನೆಚ್ಚಿಕೊಂಡು ಕೂತಿತ್ತು.

ಇಷ್ಟೆಲ್ಲ ಮಾಡಲು ಸಮಯ ಬೇಕು, ಅದೇ ವಾರ್ಡಿನಲ್ಲಿ ಅದೇ ಮುಖ ಇರಬೇಕು. 2014ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಲಿಂಡಾ ಏಕನ್ ಮತ್ತು ಸಂಗಡಿಗರು ಯುರೋಪಿನ ಒಂಬತ್ತು ದೇಶಗಳ ಆಸ್ಪತ್ರೆಗಳ ಲೆಕ್ಕ ತೆಗೆದರು. ನರ್ಸ್ ಒಬ್ಬರ ಮೇಲೆ ಒಬ್ಬ ರೋಗಿ ಹೆಚ್ಚಾದರೆ, ಶಸ್ತ್ರಚಿಕಿತ್ಸೆಯಾದವರು 30 ದಿನದೊಳಗೆ ಸಾಯುವ ಸಾಧ್ಯತೆ ಶೇ 7ರಷ್ಟು ಹೆಚ್ಚುತ್ತಿತ್ತು. ನಮ್ಮಲ್ಲಿ ರಾತ್ರಿ ಪಾಳಿಯ ಒಬ್ಬ ಸಿಸ್ಟರ್ ಎಷ್ಟು ಹಾಸಿಗೆ ನೋಡುತ್ತಾರೆ ಎಂಬುದನ್ನು ಆಸ್ಪತ್ರೆಯ ದರಪಟ್ಟಿ ಹೇಳುವುದಿಲ್ಲ. ಸುಪ್ರೀಂ ಕೋರ್ಟಿನ 2016ರ ನಿರ್ದೇಶನದಂತೆ ರಚನೆಯಾದ ತಜ್ಞರ ಸಮಿತಿ, ಐವತ್ತಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲೂ ನರ್ಸ್ ಸಂಬಳ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಇರಬಾರದು ಎಂದಿತು. ನಮ್ಮ ಬಡಾವಣೆಯ ನರ್ಸಿಂಗ್ ಹೋಮ್‌ಗಳು ಬರುವುದು ಆ ವರ್ಗಕ್ಕೇ. ಕೇರಳ 2018ರಲ್ಲಿ ಅದನ್ನು ಕನಿಷ್ಠ ವೇತನದ ಅಧಿಸೂಚನೆಯಾಗಿಸಿತು. ಸಂಬಳದ ಮಾತು ಇಲ್ಲಿ ಹೊರಗಿನದಲ್ಲ. ಅನುಭವದ ಸರ್ಟಿಫಿಕೇಟ್ ಕೈಗೆ ಬಂದ ಕೂಡಲೇ ಗಲ್ಫ್‌ಗೋ ಬ್ರಿಟನ್ನಿಗೋ ಹೊರಡುವವರನ್ನು ನಾನು ದೂರುವುದಿಲ್ಲ. ಆದರೆ ಬೆನ್ನರ್ ಹೇಳಿದ ಐದು ಹಂತಗಳಲ್ಲಿ ಮೂರನೆಯದಕ್ಕೆ ಬರುವ ಹೊತ್ತಿಗೆ ವಾರ್ಡು ಅವರನ್ನು ಕಳೆದುಕೊಂಡಿರುತ್ತದೆ. ನಿನ್ನೆ ರೋಗಿಯನ್ನು ಕಂಡವರು ಇವತ್ತು ಇಲ್ಲದಿದ್ದರೆ ಹೋಲಿಕೆ ಎಲ್ಲಿಂದ ಬರಬೇಕು?

ಕೊನೆಯದಾಗಿ ಡಿಸ್ಚಾರ್ಜ್ ಸಮ್ಮರಿಯ ಬಗ್ಗೆ ನನ್ನದೊಂದು ಬೇಡಿಕೆಯಿದೆ. ಅದರಲ್ಲಿ ಲ್ಯಾಬ್ ರಿಪೋರ್ಟ್ ಇರುತ್ತದೆ, ಕೊಟ್ಟ ಔಷಧ ಇರುತ್ತದೆ, ವೈದ್ಯರ ಸಹಿ ಇರುತ್ತದೆ. ದಿನಕ್ಕೆ ಮೂರು ಪಾಳಿಯಲ್ಲಿ ಬರೆದ ನರ್ಸಸ್ ನೋಟ್ಸ್‌ನ ಒಂದು ಸಾಲೂ ಇರುವುದಿಲ್ಲ. ಅದು ಮೆಡಿಕಲ್ ರೆಕಾರ್ಡ್ಸ್ ಕೋಣೆಗೆ ಹೋಗುತ್ತದೆ. ಮಕ್ಕಳು ಹೊರದೇಶದಲ್ಲಿದ್ದು ಲಿಫ್ಟ್ ಇಲ್ಲದ ಎರಡನೇ ಮಹಡಿಯಲ್ಲಿ ಇಬ್ಬರೇ ಬದುಕುತ್ತಿರುವ ಎಪ್ಪತ್ತೈದರ ದಂಪತಿ ಈ ಬಡಾವಣೆಯಲ್ಲಿ ಬೀದಿಗೊಂದು ಜೋಡಿಯಾದರೂ ಸಿಗುತ್ತಾರೆ. ಅಂಥ ಮನೆಗೆ ಹೋಗುವ ಕಾಗದದಲ್ಲಿ ಸಿಸ್ಟರ್ ಬರೆದ, ಸಿಸ್ಟರ್ ಸಹಿ ಮಾಡಿದ ಒಂದು ಪ್ಯಾರಾ ಕಡ್ಡಾಯವಾಗಬೇಕು. ಉದಾಹರಣೆಗೆ: ಯಜಮಾನರು ನೀರು ಕುಡಿಯುವಾಗ ಕೆಮ್ಮುತ್ತಾರೆ, ಗಂಜಿ ಸಲೀಸಾಗಿ ನುಂಗುತ್ತಾರೆ. ಬಲ ಹಿಮ್ಮಡಿಯ ಚರ್ಮ ಬಿಸಿಯಿತ್ತು, ಎರಡು ಗಂಟೆಗೊಮ್ಮೆ ಕಾಲಿನ ಭಂಗಿ ಬದಲಿಸಿ. ರಾತ್ರಿ ಎದ್ದಾಗ ದಿಕ್ಕು ತಪ್ಪುತ್ತಾರೆ, ಹಗಲು ಸರಿಯಿರುತ್ತಾರೆ. ಎದ್ದು ನಿಂತ ಕೂಡಲೇ ಬಿಪಿ ಇಳಿಯುತ್ತದೆ, ಹಾಸಿಗೆಯ ಅಂಚಿನಲ್ಲಿ ಸ್ವಲ್ಪ ಹೊತ್ತು ಕೂರಿಸಿ ಆಮೇಲೆ ನಡೆಸಿ. ನೋವನ್ನು ಬಾಯಿಬಿಟ್ಟು ಹೇಳುವುದಿಲ್ಲ, ಊಟ ಬಿಟ್ಟರೆ ನೋವಿದೆ ಎಂದು ತಿಳಿಯಿರಿ. ಮರುದಿನ ಬೆಳಗ್ಗೆ ಏಜೆನ್ಸಿಯಿಂದ ಬರುವ ಹೋಮ್ ನರ್ಸ್‌ಗೆ, ಎಷ್ಟೋ ಸಲ ನರ್ಸಿಂಗ್ ಓದಿಯೇ ಇರದ ಆ ಹುಡುಗಿಗೆ, ರೋಗಿಯ ಬಗ್ಗೆ ತಿಳಿಯಬೇಕಾದದ್ದು ಈ ಐದು ಸಂಗತಿಗಳಲ್ಲೇ ಇದೆ.